ಕೋಚ್‌ಗೆ ಹೇಳದೆ ಮಾಡಿಸುವ ಪ್ರಾಕ್ಟೀಸ್

ದಸರಾ ಕ್ರೀಡಾಕೂಟದ ಆಯ್ಕೆ ಹತ್ತಿರ ಬಂತೆಂದರೆ ಅಪ್ಪ ಅಮ್ಮಂದಿರ ಪ್ರಶ್ನೆಗಳು ಶುರುವಾಗುತ್ತವೆ. ಪ್ರತಿ ವರ್ಷ ಅವೇ ಪ್ರಶ್ನೆಗಳು. ಅವುಗಳಲ್ಲಿ ಒಂದನ್ನು ಓದಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ, ಭಯವೂ ಆಗುತ್ತದೆ. ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ಸರ್, ಮಗಳಿಗೆ 12 ವರ್ಷ. ವಾರಕ್ಕೆ 6 ದಿನ, ಸಂಜೆ ಒಂದೂವರೆ ಗಂಟೆ ಅಥ್ಲೆಟಿಕ್ಸ್ ಕೋಚಿಂಗ್. ಕೋಚ್ ಓಡಿಸುವುದು ಕಡಿಮೆ, ಜಿಗಿತ, ಬಾಲ್ ಎಸೆತ ಅಂತ ಆಡಿಸುವುದೇ ಜಾಸ್ತಿ. ಅದಕ್ಕೆ ನಾನೇ ದಿನಾ ಬೆಳಗ್ಗೆ ಒಂದು ಗಂಟೆ ಓಡಿಸುತ್ತೇನೆ. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಕೋಚ್‌ಗೆ ಹೇಳಿಲ್ಲ. ಈಗ ಮಂಡಿ ಕೆಳಗೆ ನೋವು ಅಂತಾಳೆ. ಎಣ್ಣೆ ತಿಕ್ಕಿಸಿದರೆ ಸಾಕಾ? ಕೋಚ್ ಬದಲಾಯಿಸಲಾ? (ಒಬ್ಬ ತಂದೆ, ಮೈಸೂರು)

ಉತ್ತರ: ಬೆಳಗಿನ ಓಟವನ್ನೂ ಬೆಟ್ಟವನ್ನೂ ಇವತ್ತೇ ನಿಲ್ಲಿಸಿ. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ದಾಟಬಾರದು ಎನ್ನುವುದು ಮಕ್ಕಳ ಕ್ರೀಡಾ ವೈದ್ಯರು ಹೇಳುವ ಲೆಕ್ಕ. ನಿಮ್ಮ ಮಗಳಿಗೆ ಅದು 12. ಕೋಚಿಂಗ್ 9 ಗಂಟೆ, ನಿಮ್ಮದು ಕನಿಷ್ಠ 6. ಅದರ ಮೇಲೆ ಭಾನುವಾರವೂ ಬಿಡುವಿಲ್ಲ.

ಮಂಡಿಚಿಪ್ಪಿನ ಕೆಳಗೆ, ಕಾಲಿನ ಮುಂಭಾಗದ ಮೂಳೆಯ ಉಬ್ಬಿಗೆ ಒಂದು ಸ್ನಾಯುರಜ್ಜು ಅಂಟಿಕೊಂಡಿರುತ್ತದೆ. ಬೆಳೆಯುವ ಮಕ್ಕಳಲ್ಲಿ ಆ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಓಡಿದಾಗ, ಜಿಗಿದಾಗ ತೊಡೆಯ ಸ್ನಾಯು ಅದನ್ನೇ ಎಳೆಯುತ್ತದೆ. ಮೆಟ್ಟಿಲು ಇಳಿಯುವಾಗ ತೊಡೆಯೇ ಬ್ರೇಕ್ ಹಿಡಿಯಬೇಕು, ಹಾಗಾಗಿ ಮಂಡಿಗೆ ಬೀಳುವ ಭಾರ ಇನ್ನೂ ಜಾಸ್ತಿ. ಈ ವಯಸ್ಸಿನಲ್ಲಿ ಹೀಗೆ ಬರುವ ನೋವಿಗೆ ವೈದ್ಯರು ಆಸ್ಗುಡ್-ಶ್ಲಾಟರ್ ಎನ್ನುತ್ತಾರೆ. ಹೊರೆ ಕಡಿಮೆ ಮಾಡಿದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಆದರೆ ನಿಮ್ಮ ಮಗಳಿಗೆ ಅದೇ ಇದೆಯಾ ಅಂತ ಪತ್ರ ನೋಡಿ ನಾನು ಹೇಳಲಾರೆ. ಮೂಳೆ ವೈದ್ಯರಿಗೆ ತೋರಿಸಿ. ಕುಂಟುತ್ತಿದ್ದರೆ, ಮಂಡಿ ಊದಿದ್ದರೆ, ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ ನಾಳೆಗೂ ಕಾಯಬೇಡಿ. ಎಣ್ಣೆ ಹಾಕಿ ಕಾಲು ತಿರುಚಿ ‘ನರ ಸರಿ ಮಾಡ್ತೀನಿ’ ಅನ್ನುವವರ ಕೈಗೆ ಬೆಳೆಯುವ ಮಗುವಿನ ಮಂಡಿ ಕೊಡಲೇಬೇಡಿ.

ಇನ್ನು ಕೋಚ್ ವಿಷಯ. ನೀವು ಬರೆದಷ್ಟರಲ್ಲಿ ಅವರು ಮಾಡುತ್ತಿರುವುದು ಸರಿಯಾಗಿಯೇ ಇದೆ. ಅಥ್ಲೆಟಿಕ್ಸ್ ಫೆಡರೇಷನ್ ನಡೆಸುವ ಅಂತರ ಜಿಲ್ಲಾ ಕೂಟದಲ್ಲೇ 14ರೊಳಗಿನ ಮಕ್ಕಳಿಗೆ ಓಟ, ಜಿಗಿತ, ಎಸೆತ ಸೇರಿಸಿದ ಟ್ರಯಥ್ಲಾನ್ ಇದೆ. ಈ ವಯಸ್ಸಿಗೆ ಒಂದೇ ಓಟಕ್ಕೆ ಕಟ್ಟಿಹಾಕಬಾರದು ಅಂತಲೇ ಅಲ್ವಾ ಅದು?

ಬೆಳಗ್ಗೆ ಓಡಿದ್ದರಿಂದ ಸಂಜೆ ಟ್ರ್ಯಾಕ್‌ಗೆ ಬರುವಾಗಲೇ ಹುಡುಗಿಯ ಕಾಲು ಸೋತಿರುತ್ತದೆ. ಕಾರಣ ಗೊತ್ತಿಲ್ಲದ ಕೋಚ್ ಅವಳು ಸೋಮಾರಿ ಅಂದುಕೊಳ್ಳುತ್ತಾರೆ. ಅವಳು ನಿಜ ಹೇಳಿದರೆ ಅಪ್ಪನಿಗೆ ಬೇಜಾರು, ಸುಮ್ಮನಿದ್ದರೆ ಕೋಚ್ ಬೈಗುಳ. 12 ವರ್ಷದ ಮಗುವನ್ನು ಇಬ್ಬರು ದೊಡ್ಡವರ ನಡುವೆ ಹೀಗೆ ಸಿಕ್ಕಿಸುವುದು ತಪ್ಪು.

ಕೋಚ್‌ಗೆ ಫೋನ್ ಮಾಡಿ ಹತ್ತು ನಿಮಿಷ ಸಮಯ ಕೇಳಿ. ಪ್ರಾಕ್ಟೀಸ್ ನಡುವೆ, ಬೇರೆ ಮಕ್ಕಳ ಎದುರು ಬೇಡ. ಬೆಳಗ್ಗೆ ಓಡಿಸುತ್ತಿದ್ದದ್ದನ್ನು ಮುಚ್ಚಿಡದೆ ಹೇಳಿ. ಆಮೇಲೆ ಈ ವರ್ಷ ಅವಳಿಗೆ ಏನು ಕಲಿಸುತ್ತಿದ್ದೀರಿ, ಯಾಕೆ ಅಂತ ಕೇಳಿ. ಕೋಚ್‌ಗಳಿಗೂ ಒಂದು ಮಾತು: ಸೀಸನ್ ಶುರುವಿನಲ್ಲೇ ಪೋಷಕರನ್ನು ಕೂರಿಸಿ ಇದನ್ನು ಹೇಳಿಬಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಎಷ್ಟೋ ಮಂದಿ ಹೇಳುವುದಿಲ್ಲ.

ಕೋಚ್ ಬದಲಾಯಿಸಬೇಕಾದ ಸಂದರ್ಭಗಳೂ ಇವೆ. ನೋವಿದ್ದರೂ ಓಡು ಅಂದರೆ, ಪೋಷಕರು ಪ್ರಾಕ್ಟೀಸ್ ನೋಡಲೇಬಾರದು ಅಂದರೆ, ಮಗುವಿನ ಮೇಲೆ ಕೈ ಮಾಡಿದರೆ ಅವತ್ತೇ ಬಿಡಿಸಿ. ಮೆಡಲ್ ಬಂದಿಲ್ಲ ಅಂತ ಬಿಡಿಸಬೇಡಿ.

ಪ್ರಶ್ನೆ: ಜಿಮ್‌ನವರು ಮಗನಿಗೆ ಪುಡಿಯೊಂದನ್ನು ಕೊಟ್ಟಿದ್ದಾರೆ. 14 ವರ್ಷ. ಕೊಡಬಹುದಾ? (ಮಂಡ್ಯ)

ಉತ್ತರ: ಬೇಡ. ಇಂಥ ಪುಡಿಯಲ್ಲಿ ಕ್ರೀಡೆಯಲ್ಲಿ ನಿಷೇಧಿಸಿದ ಮದ್ದು ಬೆರೆತಿರಬಹುದು. ಆ ಮದ್ದು ಹುಡುಕುವ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಹೊಣೆ ಆಟಗಾರನದು, ಪುಡಿ ಕೊಟ್ಟವನು ಕಾಣಿಸುವುದೂ ಇಲ್ಲ. ಮುದ್ದೆ, ಮೊಟ್ಟೆ, ಕಾಳುಸಾರು, ಹಾಲು ಕೊಡಿ.

ಪ್ರಶ್ನೆ: ಭಾರ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರಾ?

ಉತ್ತರ: ಇಲ್ಲ. ತಿಳಿದವರು ಪಕ್ಕದಲ್ಲಿ ನಿಂತು, ಕಡಿಮೆ ಭಾರದಲ್ಲಿ ಕಲಿಸಬೇಕು, ಅಷ್ಟೇ.

ಪ್ರಶ್ನೆ: ಸರ್ಟಿಫಿಕೇಟ್‌ನಲ್ಲಿ ಎರಡು ವರ್ಷ ಕಡಿಮೆ ಮಾಡಿಸಿದರೆ ಕ್ರಿಕೆಟ್ ಆಯ್ಕೆ ಸುಲಭ ಅಂತಾರೆ, ಹೌದಾ?

ಉತ್ತರ: ಬಿಸಿಸಿಐ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತದೆ. ಇಂಥ ಪ್ರಶ್ನೆಯನ್ನು ನನಗೆ ಮತ್ತೆ ಕಳಿಸಬೇಡಿ.