ಸ್ಯಾಂಫೈರ್ ಎಂಬ ಉಪ್ಪುಜೌಗಿನ ಗಿಡ ತಿನ್ನಬಹುದೇ? ಆರೋಗ್ಯಕ್ಕೆ ಒಳ್ಳೆಯದೇ?

ತಿನ್ನಬಹುದು, ಪೌಷ್ಟಿಕವೂ ಹೌದು. ಆದರೆ ಹರಿವೆ ಸೊಪ್ಪಿನಂತೆ ತಟ್ಟೆ ತುಂಬ ಬಡಿಸಿಕೊಳ್ಳುವ ಪದಾರ್ಥವಲ್ಲ.

ಇಂಗ್ಲೆಂಡಿನ ನಾರ್ಫೋಕ್ ಕರಾವಳಿಯಲ್ಲಿ, ಉಬ್ಬರದ ನೀರು ಬಂದುಹೋಗುವ ಕೆಸರಿನಲ್ಲಿ (ನಮ್ಮ ಕುಮಟಾ ಕಡೆಯ ಗಜನಿ ಭೂಮಿ ನೆನಪಿಸಿಕೊಳ್ಳಿ) ಬೇಸಿಗೆಯಲ್ಲಿ ಇದನ್ನು ಕೊಯ್ಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸ್ಯಾಲಿಕಾರ್ನಿಯಾ. ಎಲೆಯೇ ಇಲ್ಲವೇನೋ ಎನಿಸುವ, ಗೆಣ್ಣುಗೆಣ್ಣಾದ ಹಸಿರು ಕಡ್ಡಿ; ಕಚ್ಚಿದರೆ ಚಟ್ಟನೆ ಮುರಿದು ಉಪ್ಪುಪ್ಪು ರಸ ಬಾಯಿಗಿಳಿಯುತ್ತದೆ. ಉಪ್ಪು ಹಾಕದೆ ಒಂದೆರಡು ನಿಮಿಷ ಬೇಯಿಸಿ, ಬೆಣ್ಣೆ ಸವರಿ, ಬುಡ ಹಿಡಿದು ಹಲ್ಲಿನಿಂದ ತಿರುಳು ಎಳೆದು ತಿನ್ನುತ್ತಾರೆ. ಒಳಗಿನ ನಾರು ಕೈಯಲ್ಲೇ ಉಳಿಯುತ್ತದೆ.

ಉಪ್ಪಿನ ಹೊಡೆತ ತಾಳಿಕೊಳ್ಳಲು ಗಿಡ ತನ್ನೊಳಗೆ ಬೀಟೈನ್‌ನಂಥ ಸಂಯುಕ್ತಗಳನ್ನು ಕೂಡಿಟ್ಟುಕೊಳ್ಳುತ್ತದೆ. ಆಂಟಿಆಕ್ಸಿಡೆಂಟ್ ಗುಣದ ಫೀನಾಲಿಕ್ ಪದಾರ್ಥಗಳೂ, ಮೆಗ್ನೀಷಿಯಂ, ಪೊಟ್ಯಾಷಿಯಂ, ನಾರಿನಂಶವೂ ಇವೆ. ಇದರದೇ ಜಾತಿಯ ಸ್ಯಾಲಿಕಾರ್ನಿಯಾ ಬಿಗೆಲೋವಿಯ ಬೀಜದಲ್ಲಿ ಎಣ್ಣೆ ಶೇ. 30ರ ಆಸುಪಾಸು; ಅದರಲ್ಲಿ ಬಹುಪಾಲು ಲಿನೋಲಿಯಿಕ್ ಆಮ್ಲ ಎಂಬ, ದೇಹಕ್ಕೆ ಬೇಕಾದ ಕೊಬ್ಬಿನಾಮ್ಲ. ಆದರೆ ಪ್ರಯೋಗಾಲಯದಲ್ಲಿ, ಇಲಿಗಳಲ್ಲಿ ಕಂಡ ಫಲಿತಾಂಶ ತೋರಿಸಿ ಇದನ್ನು ಸಕ್ಕರೆ ಕಾಯಿಲೆಗೆ ಮದ್ದು ಎಂದು ಮಾರುವುದನ್ನು ನಾನು ಖಂಡಿತ ಒಪ್ಪುವುದಿಲ್ಲ.

ಗುಜರಾತಿನ ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ಸ್ಯಾಲಿಕಾರ್ನಿಯಾ ಬ್ರೇಕಿಯೇಟಾದಿಂದ ಸಸ್ಯಜನ್ಯ ಉಪ್ಪು ತೆಗೆಯುವ ವಿಧಾನ ರೂಪಿಸಿದೆ. ಸಸ್ಯದ್ದು ಎಂದ ಮಾತ್ರಕ್ಕೆ ಸೋಡಿಯಂ ಇಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಇದನ್ನೂ ಆ ಲೆಕ್ಕಕ್ಕೇ ಸೇರಿಸಬೇಕು. ಬಿಪಿ, ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ತಿನ್ನಿ. ಕಾರ್ಖಾನೆ ನೀರು ಸೇರುವ ಅಳಿವೆಯಿಂದ ಮಾತ್ರ ಕೀಳಬೇಡಿ, ಈ ಗಿಡಗಳು ಭಾರಲೋಹವನ್ನೂ ಹೀರಿಕೊಳ್ಳುತ್ತವೆ.