ದುಬೈನಲ್ಲಿ ಸಂಬಳ, ಓಟಿ ಬಾಕಿ ಉಳಿದಾಗ

ತಮ್ಮ, ಎರಡು ತಿಂಗಳಿಂದ ಸಂಬಳವಿಲ್ಲ, ದಿನಾ ಹತ್ತು ತಾಸು ಡ್ಯೂಟಿ ಮಾಡಿದರೂ ಓಟಿ, ಅಂದರೆ ಹೆಚ್ಚುವರಿ ತಾಸಿನ ದುಡ್ಡು, ಇಲ್ಲ, ಕಂಪ್ಲೇಂಟ್ ಕೊಟ್ಟರೆ ವೀಸಾ ಕ್ಯಾನ್ಸಲ್ ಮಾಡಿ ಕುಂದಾಪುರಕ್ಕೆ ಕಳಿಸಿಬಿಡುತ್ತಾರಾ ಎಂದು ಕೇಳಿದ್ದೀಯ. ಕ್ಯಾಂಪಿನಲ್ಲಿ ಎಲ್ಲರೂ ಈ ಹೆದರಿಕೆಯಲ್ಲೇ ಬಾಯಿ ಮುಚ್ಚಿಕೊಂಡಿರುತ್ತಾರೆ. ನೀನು ಹಾಗೆ ಇರಬೇಡ.

ಇಲ್ಲಿಯ ಮಾನವ ಸಂಪನ್ಮೂಲ ಸಚಿವಾಲಯಕ್ಕೆ ದೂರು ಕೊಟ್ಟೆ ಎನ್ನುವ ಕಾರಣಕ್ಕೆ ಕೆಲಸದಿಂದ ತೆಗೆದರೆ, ನಿನ್ನ ದೂರು ನಿಜವೆಂದು ಸಾಬೀತಾದಾಗ ಮೂರು ತಿಂಗಳ ಸಂಬಳದವರೆಗೆ ಪರಿಹಾರ ಕೊಡಿಸಲು 2021ರ ಕಾರ್ಮಿಕ ಕಾನೂನಿನಲ್ಲೇ ಅವಕಾಶವಿದೆ. ಸಂಬಳ ಬ್ಯಾಂಕ್ ಮೂಲಕವೇ ಬರಬೇಕೆಂಬ ವ್ಯವಸ್ಥೆ ಇರುವುದರಿಂದ ಬಾಕಿ ಸಂಬಳ ತೋರಿಸುವುದು ಕಷ್ಟವಲ್ಲ. ಕಷ್ಟವಾಗುವುದು ಓಟಿ.

ಓಟಿ ಲೆಕ್ಕ ಒಟ್ಟು ಸಂಬಳದ ಮೇಲಲ್ಲ, ಬೇಸಿಕ್ ಮೇಲೆ, ಅಂದರೆ ಭತ್ಯೆಗಳನ್ನು ಬಿಟ್ಟ ಮೂಲ ಸಂಬಳದ ಮೇಲೆ. ಕಂಪನಿಗಳು ಬೇಸಿಕ್ ಕಡಿಮೆ ಇಟ್ಟು ಅಲೋವೆನ್ಸ್ ಜಾಸ್ತಿ ತೋರಿಸುವುದು ಇದಕ್ಕೇ. ಬೇಸಿಕ್ 1,200 ದಿರ್ಹಮ್ ಅಂದುಕೋ. 30 ದಿನ, 8 ತಾಸಿಗೆ ಭಾಗಿಸಿದರೆ ತಾಸಿಗೆ 5 ದಿರ್ಹಮ್. ಓಟಿಗೆ ಶೇ. 25 ಸೇರಿ 6.25. ರಾತ್ರಿ 10ರಿಂದ ಬೆಳಗಿನ 4ರೊಳಗಾದರೆ ಶೇ. 50 ಸೇರಿ 7.50, ಆದರೆ ಶಿಫ್ಟ್‌ನವರಿಗೆ ಈ ರಾತ್ರಿ ದರವಿಲ್ಲ. ದಿನಕ್ಕೆ ಎರಡು ತಾಸಿನಂತೆ 26 ದಿನಕ್ಕೆ 325 ದಿರ್ಹಮ್. ಊರಿಗೆ ಕಳಿಸುವ ಹಣದಲ್ಲಿ ಇದು ಸಣ್ಣದಲ್ಲ.

ಹಾಗಾಗಿ ದಿನಾ ಡ್ಯೂಟಿ ಹತ್ತಿದ್ದು, ಇಳಿದದ್ದು ಬರೆದಿಡು. ಟೈಮ್‌ಶೀಟ್‌ನ ಫೋಟೋ ತೆಗೆ. ಸುಪರ್‌ವೈಸರ್ 'ಇವತ್ತು ನಿಲ್ಲು' ಎಂದು ವಾಟ್ಸಾಪ್‌ನಲ್ಲಿ ಹಾಕಿದ್ದನ್ನು ಅಳಿಸಬೇಡ.

ದೂರನ್ನು ಸಚಿವಾಲಯದ ಆ್ಯಪ್‌ನಲ್ಲೇ ಕೊಡಬಹುದು. 2024ರಿಂದ 50,000 ದಿರ್ಹಮ್‌ವರೆಗಿನ ವ್ಯಾಜ್ಯವನ್ನು ಸಚಿವಾಲಯವೇ ತೀರ್ಮಾನಿಸಬಹುದು. ಅದಕ್ಕಿಂತ ದೊಡ್ಡದು ರಾಜಿಯಾಗದಿದ್ದರೆ ಕೋರ್ಟಿಗೆ ಹೋಗುತ್ತದೆ. ಒಂದು ಲಕ್ಷ ದಿರ್ಹಮ್‌ವರೆಗೆ ಕೋರ್ಟ್ ಫೀ ಇಲ್ಲ. ಭಾಷೆಯ ತೊಂದರೆಯಾದರೆ ಭಾರತೀಯ ದೂತಾವಾಸದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದಲ್ಲಿ ಕೇಳು.

ಸಿಟ್ಟಿನಲ್ಲಿ ಮಾತ್ರ ಹೇಳದೆ ಕೇಳದೆ ಡ್ಯೂಟಿ ಬಿಡಬೇಡ. ಓಡಿಹೋದನೆಂದು ಕಂಪನಿ ವರದಿ ಹಾಕಿದರೆ ನಿನ್ನ ಕೇಸೇ ತಲೆಕೆಳಗಾಗುತ್ತದೆ. ಪಾಸ್‌ಪೋರ್ಟ್ ಅವರು ಇಟ್ಟುಕೊಂಡಿದ್ದರೆ ಅದನ್ನೂ ದೂರಿನಲ್ಲಿ ಸೇರಿಸು, ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಇನ್ನು, 'ಎಲ್ಲಾ ಬಾಕಿ ಸಿಕ್ಕಿದೆ' ಎಂಬ ಕಾಗದಕ್ಕೆ ದುಡ್ಡು ಖಾತೆಗೆ ಬೀಳುವ ಮೊದಲು ಸಹಿ ಹಾಕಲೇಬೇಡ. ಟಿಕೆಟ್ ಕೈಗಿಟ್ಟು ಏರ್‌ಪೋರ್ಟಿಗೆ ಹೊರಡುವ ಗಡಿಬಿಡಿಯಲ್ಲೇ ಅದನ್ನು ಮುಂದೆ ಹಿಡಿಯುತ್ತಾರೆ.

ಇವತ್ತೇ ಆಫರ್ ಲೆಟರ್ ನೋಡಿ ಬೇಸಿಕ್ ಎಷ್ಟೆಂದು ತಿಳಿಸು. ಶುಕ್ರವಾರ ಸಂಜೆ ಕೂತು ನಿನ್ನ ಲೆಕ್ಕ ಹಾಕೋಣ.