ಅಪ್ಪ ಕುರಿ ಕದ್ದರೆ ಮಗ ಏನು ಮಾಡಬೇಕು?

ಪ್ರಾಚೀನ ಚೀನಾದ ಪಂಥಗಳು ಆಡಳಿತದ ಬಗ್ಗೆ ಹೇಳಿದ್ದರಲ್ಲಿ ವ್ಯತ್ಯಾಸ ಏನು, ಕೊನೆಗೆ ಯಾವುದು ನಿಂತಿತು ಅಂತ ಕೇಳಿದ್ದೀರಿ. ನನಗೆ ಇದು ಅರ್ಥವಾಗಿದ್ದು ಒಂದು ಕುರಿ ಕಳ್ಳತನದಿಂದ.

ಅಪ್ಪ ಕುರಿ ಕದ್ದ. ಮಗನೇ ಹೋಗಿ ಸಾಕ್ಷಿ ಹೇಳಿದ. ನಮ್ಮ ಜನ ಅಷ್ಟು ಪ್ರಾಮಾಣಿಕರು ಎಂದು ಒಬ್ಬ ದೊರೆ ಕನ್‌ಫ್ಯೂಷಿಯಸ್ (ಕ್ರಿ.ಪೂ. 551–479) ಮುಂದೆ ಹೇಳಿಕೊಂಡ. ನಮ್ಮ ಕಡೆ ಅಪ್ಪನ ತಪ್ಪನ್ನು ಮಗ ಮುಚ್ಚುತ್ತಾನೆ, ಮಗನದನ್ನು ಅಪ್ಪ ಮುಚ್ಚುತ್ತಾನೆ, ಪ್ರಾಮಾಣಿಕತೆ ಇರುವುದು ಅದರಲ್ಲೇ ಎಂದರು ಕನ್‌ಫ್ಯೂಷಿಯಸ್. ಮೊದಲ ಸಲ ಓದಿದಾಗ ನನಗೆ ಕಸಿವಿಸಿಯಾಗಿತ್ತು. ಆದರೆ ಅವರಿಗೆ ರಾಜ್ಯದ ಬೇರು ಇರುವುದೇ ಮನೆಯಲ್ಲಿ. ಹೆತ್ತವರ ಮೇಲೆ ಮಮತೆ ಇಲ್ಲದವನಿಗೆ ಊರಿನವರ ಮೇಲೆ ಎಲ್ಲಿಂದ ಬರಬೇಕು, ಅಲ್ವಾ? ಬರೀ ಶಿಕ್ಷೆಯಿಂದ ಆಳಿದರೆ ಜನ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತಾರೆ, ನಾಚಿಕೆ ಕಲಿಯುವುದಿಲ್ಲ ಎಂದೂ ಅವರು ಹೇಳಿದ್ದರು.

ಕ್ರಿ.ಪೂ. 233ರಲ್ಲಿ ತೀರಿಕೊಂಡ ಹಾನ್ ಫೇ ಕಾನೂನುವಾದಿ, ಅಂದರೆ ಕಟ್ಟುನಿಟ್ಟಾದ ಕಾನೂನು, ಶಿಕ್ಷೆಗಳಿಂದಲೇ ರಾಜ್ಯ ಆಳಬೇಕು ಎನ್ನುವವನು. ಅವನೂ ಇದೇ ಕುರಿಯ ಕಥೆ ಹೇಳುತ್ತಾನೆ. ಅದರಲ್ಲಿ ಅಧಿಕಾರಿ, ಅಪ್ಪನಿಗೆ ದ್ರೋಹ ಮಾಡಿದೆ ಎಂದು ಮಗನನ್ನೇ ಕೊಲ್ಲಿಸುತ್ತಾನೆ. ಆಮೇಲೆ ಆ ರಾಜ್ಯದಲ್ಲಿ ಅಪರಾಧದ ಬಗ್ಗೆ ಬಾಯಿ ಬಿಡುವವರೇ ಇಲ್ಲವಾದರು. ಮನೆಯ ಹಿತ ಬೇರೆ, ರಾಜ್ಯದ ಹಿತ ಬೇರೆ, ಎರಡನ್ನೂ ಬೆರೆಸಬೇಡಿ ಎಂಬುದು ಅವನ ವಾದ.

ನನ್ನನ್ನು ಜಾಸ್ತಿ ಕಾಡಿದ್ದು ಮೋತ್ಸೆಯ ಪಂಥ. ತನ್ನವರು, ಪರರು ಎನ್ನದೆ ಎಲ್ಲರನ್ನೂ ಪ್ರೀತಿಸಬೇಕು ಎನ್ನುವವರು ಇವರು. ಆ ಪಂಥದ ಮುಖ್ಯಸ್ಥ ಫು ತುನ್‌ನ ಮಗ ಒಂದು ಕೊಲೆ ಮಾಡಿದ. ವಯಸ್ಸಾದವರು, ಇರುವುದು ಒಬ್ಬನೇ ಮಗ ಎಂದು ಚಿನ್ ರಾಜ್ಯದ ಅರಸ ಕ್ಷಮಿಸಿದ. ಅಪ್ಪ ಒಪ್ಪಲಿಲ್ಲ. ಕೊಂದವನು ಸಾಯಬೇಕು ಎಂಬುದು ನಮ್ಮ ನಿಯಮ ಎಂದು ಮಗನಿಗೆ ಮರಣದಂಡನೆ ಕೊಡಿಸಿದ.

ತಾವೋ ಪಂಥದವರು ಈ ಜಗಳಕ್ಕೇ ಬರುವುದಿಲ್ಲ. ಕಾನೂನು ಹೆಚ್ಚಿದಷ್ಟೂ ಕಳ್ಳರು ಹೆಚ್ಚುತ್ತಾರೆ, ಅರಸ ಸುಮ್ನೆ ಇದ್ದರೆ ಜನ ತಾವೇ ಸರಿಹೋಗುತ್ತಾರೆ ಎನ್ನುತ್ತಾರೆ.

ಚಿನ್ ರಾಜ್ಯ ಕಾನೂನುವಾದ ಹಿಡಿದು ಕ್ರಿ.ಪೂ. 221ರಲ್ಲಿ ಇಡೀ ಚೀನಾ ಗೆದ್ದಿತು. ಹನ್ನೆರಡೇ ವರ್ಷಕ್ಕೆ ದಂಗೆ ಶುರುವಾಯಿತು. ಗಡಿ ಕಾಯಲು ಹೊರಟ 900 ಜನ ಮಳೆಗೆ ಸಿಕ್ಕಿಬಿದ್ದರು. ತಡವಾದರೆ ತಲೆ ಹೋಗುತ್ತದೆ, ಹೇಗೂ ಸಾಯುವುದೇ ಎಂದು ತಿರುಗಿಬಿದ್ದರು ಅಂತ ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದಾನೆ.

ಆಮೇಲೆ ಬಂದ ಹಾನ್ ವಂಶ ಚಿನ್ ಕಾಲದ ಕಚೇರಿ, ಕಾನೂನುಗಳನ್ನು ಬಹುಮಟ್ಟಿಗೆ ಹಾಗೇ ಇಟ್ಟುಕೊಂಡಿತು. ಅಧಿಕಾರಿಗಳಿಗೆ ಮಾತ್ರ ಕನ್‌ಫ್ಯೂಷಿಯಸ್ ಪಾಠ ಕಲಿಸಿತು. ಕ್ರಿ.ಪೂ. 66ರಲ್ಲಿ ಒಂದು ರಾಜಾಜ್ಞೆ ಹೊರಟಿತು: ಹೆತ್ತವರ ಅಪರಾಧ ಮುಚ್ಚಿಟ್ಟ ಮಕ್ಕಳಿಗೆ ಶಿಕ್ಷೆ ಇಲ್ಲ.